ಮಸ್ಕಿ ದಾಟಿ ಹೋದದ್ದು

ಪೀರ್‌ಸಾಬ್ ಬೆಳಿಗ್ಗೆ ಒಂಬತ್ತಕ್ಕೇ ಬಂದು ಅಂಗಡಿಯ ಮೇಜಿನ ಮೇಲೆ ಒಂದು ಹಿಡಿ ನುಚ್ಚು ಸುರಿದ.

"ನೋಡ್ರಿ ಅಯ್ನೋರೆ, ನಿಮ್ಮ ಕೈಗುಣ."

ಕರಿಬಸಯ್ಯ ಕನ್ನಡಕ ಏರಿಸಿಕೊಂಡು ನೋಡಿದ. ಸೋನಾ ಅಕ್ಕಿ. ಒಂದು ಕಾಳೂ ಇಡಿಯಾಗಿರಲಿಲ್ಲ. ಪೀರ್‌ಸಾಬ್ ದಢೇಸುಗೂರಿನ ಕಡೆಯ ಒಂದು ಮಿಲ್ಲಿನಲ್ಲಿ ಭತ್ತ ಒಣಗಿಸುವ ಡ್ರೈಯರ್ ನೋಡಿಕೊಳ್ಳುವವನು. ಅದರ ವೈರು, ಪ್ಯಾನೆಲ್ಲು, ಸೆನ್ಸರು ಏನು ಕೆಟ್ಟರೂ ಸಿಂಧನೂರಿನ ಈ ಅಂಗಡಿಗೇ ಬರುತ್ತಿದ್ದ.

"ಮೊನ್ನೆ ಕೊಟ್ರಲ್ಲ ಸೆನ್ಸರ್, ಅದನ್ನ ಹೊಸ ಪ್ಯಾನೆಲ್ಲಿಗೆ ಹಾಕಿದ್ವಿ. ಡಬ್ಬಿ ನಲವತ್ತು ಅಂತ ತೋರಸ್ತೈತಿ, ಭತ್ತದಾಗ ಕೈ ಇಟ್ರ ಚುರ್ ಅಂತೈತಿ. ನಾವು ಡಬ್ಬಿ ಮಾತು ಕೇಳಿ ಕುಂತ್ವಿ. ಒಣಗಿ ಒಣಗಿ, ಗಿರಣ್ಯಾಗ ಬಿದ್ದಕೂಡ್ಲೆ ಪಟಪಟ ಮುರದು ಹೋದ್ವು. ಸಾಹುಕಾರ ಇನ್ನ ನನ್ನ ಹಲ್ಲು ಮುರಿಯೂದೊಂದು ಬಾಕಿ ಐತಿ."

ಕರಿಬಸಯ್ಯ ನಕ್ಕ. "ನಿನಗ ಹಲ್ಲರ ಎಷ್ಟು ಉಳದಾವೋ? ತಡಿ, ಬ್ಯಾರೆ ಕೊಡ್ತೀನಿ." ನಗುತ್ತಲೇ ಡ್ರಾವರ್ ಎಳೆದು ಆ ಸೆನ್ಸರಿನ ಪಾಕೀಟು ತೆಗೆದ. ಐದು ಇದ್ದದ್ದು. ಈಗ ಮೂರು ಉಳಿದಿದ್ದವು. ಒಂದು ಪೀರ್‌ಸಾಬನ ಡ್ರೈಯರಿಗೆ ಹೋಗಿತ್ತು.

ಇನ್ನೊಂದು?

ಅವನ ನಗು ಅರ್ಧದಲ್ಲೇ ನಿಂತಿತು. ಇನ್ನೊಂದನ್ನು ನಾಲ್ಕು ದಿನದ ಹಿಂದೆ ಅವನೇ ಮಸ್ಕಿಯ ಹೆರಿಗೆ ಆಸ್ಪತ್ರೆಗೆ ಒಯ್ದಿದ್ದ. ಹುಟ್ಟಿದ ಕೂಸುಗಳನ್ನು ಬೆಚ್ಚಗೆ ಮಲಗಿಸುವ ಯಂತ್ರಕ್ಕೆ ಹಾಕಿದ್ದ.

"ಯಾಕ್ರಿ, ಹಾವು ಕಂಡಂಗ ಮಾಡ್ತೀರಿ?" ಎಂದ ಪೀರ್‌ಸಾಬ್.

"ಏನಿಲ್ಲ. ನೀ ಮಧ್ಯಾಹ್ನ ಬಾ."

"ನುಚ್ಚು?"

"ಅಲ್ಲೇ ಇರ್ಲಿ."

ಆ ದಿನ ಏನಾಗಿತ್ತೆಂದರೆ, ಮಸ್ಕಿಯ ಡಾಕ್ಟರ್ ಶಿವಪ್ರಸಾದರ ಯಂತ್ರದ ಸೆನ್ಸರ್ ವೈರು ಕಿತ್ತುಹೋಗಿತ್ತು. ಕೂಸಿನ ಹೊಟ್ಟೆಯ ಮೇಲೆ ಅಂಟಿಸುವ ಸಣ್ಣ ಗುಂಡಿಯಂಥದ್ದು ಅದು. ಮೈ ಎಷ್ಟು ಬೆಚ್ಚಗಿದೆ ಎಂದು ಯಂತ್ರಕ್ಕೆ ಹೇಳುತ್ತದೆ, ಯಂತ್ರ ಅದರ ಮಾತು ಕೇಳಿ ಕಾವು ಏರಿಸುತ್ತದೆ, ಇಳಿಸುತ್ತದೆ. ಕಂಪನಿಯ ಮಾಲು ಬರಲು ಹದಿನೈದು ದಿನ. ಪಕ್ಕದ ಕೋಣೆಯಲ್ಲಿ ಆಗಲೇ ಹೆಣ್ಣುಮಗಳೊಬ್ಬಳಿಗೆ ಬೇನೆ ಶುರುವಾಗಿತ್ತು, ಇನ್ನೂ ದಿನ ತುಂಬಿರಲಿಲ್ಲ. ಆಸ್ಪತ್ರೆಯಲ್ಲಿ ಇದ್ದದ್ದು ಇದೊಂದೇ ಯಂತ್ರ. ಕರಿಬಸಯ್ಯ ಚೀಲದಲ್ಲಿದ್ದ ಡ್ರೈಯರ್ ಸೆನ್ಸರನ್ನು ಮೀಟರಿಗೆ ಹಿಡಿದು ನೋಡಿದ. ಕರೆಂಟಿಗೆ ಅದು ಒಡ್ಡುವ ತಡೆ ಕಿತ್ತುಹೋದದ್ದರಷ್ಟೇ, ಹತ್ತು ಸಾವಿರ ಓಮ್. ತೊಳೆದು, ಸ್ಪಿರಿಟಿನಲ್ಲಿ ಒರೆಸಿ, ಬೆಸುಗೆ ಹಾಕಿದ. ಏಸಿ ಹಾಕಿದ ಕೋಣೆ. ಗೋಡೆಯ ಥರ್ಮಾಮೀಟರ್ ಇಪ್ಪತ್ತೈದು ತೋರಿಸುತ್ತಿತ್ತು, ಯಂತ್ರವೂ ಇಪ್ಪತ್ತೈದು ತೋರಿಸಿತು. ಡಾಕ್ಟರು ಬೆನ್ನು ತಟ್ಟಿದರು. ಬೇನೆ ತಿನ್ನುತ್ತಿದ್ದವಳ ತಾಯಿ ಅಂಬಮ್ಮ ತನ್ನ ಪಾಲಿನ ಚಹಾವನ್ನೇ ಅವನ ಮುಂದಿಟ್ಟು, "ಚಲೋ ಮಾಡಪಾ, ನನ್ನ ಮೊಮ್ಮಗ ಬರಾಂವ ಅದಾನ" ಅಂದಿದ್ದಳು.

ಪೀರ್‌ಸಾಬ್ ಹೋದ ಮೇಲೆ ಕರಿಬಸಯ್ಯ ಮಸ್ಕಿಯ ನರ್ಸ್ ಪಾರ್ವತೆಮ್ಮನಿಗೆ ಫೋನ್ ಹಚ್ಚಿದ.

"ಸಿಸ್ಟರ್, ಮಿಷನ್ ಹೆಂಗ ನಡದೈತ್ರಿ?"

"ನಿಮ್ಮ ಮಿಷನ್ ರಾಜನಂಗ ಐತ್ರಿ. ಕೂಸಿಂದs ಚಿಂತಿ ಆಗೈತಿ. ಅಂಬಮ್ಮನ ಮೊಮ್ಮಗ ಮೊನ್ನೆ ಹುಟ್ಯಾನ, ನಿನ್ನಿಂದ ಜ್ವರ ಬಿಡವಲ್ದು. ಮಿಷನ್ ಮೂವತ್ತಾರೂವರಿ ತೋರಸ್ತೈತಿ, ಕಂಕುಳಾಗ ಥರ್ಮಾಮೀಟರ್ ಇಟ್ರ ಮೂವತ್ತೆಂಟು ದಾಟತೈತಿ. ಥರ್ಮಾಮೀಟರs ಕೆಟ್ಟೈತೇನೋ ಅಂತ ಹೊಸಾದು ತಂದ್ವಿ. ಅದೂ ಅಷ್ಟs. ಒಳಗ ಸೋಂಕು ಆಗಿರಬೇಕು ಅಂತಾರ ಡಾಕ್ಟರು. ಇಳಿಲಿಲ್ಲಂದ್ರ ಸಂಜೀಕ ಐದಕ್ಕ ರಾಯಚೂರಿಗೆ ಕಳಸ್ತಾರ. ಅಷ್ಟು ದೂರ ಆ ಜೀವ ತಾಳಬೇಕಲ್ರಿ... ಯಾಕ ಕೇಳಿದ್ರಿ?"

"ಏನಿಲ್ರಿ. ಸುಮ್ನ ಕೇಳಿದೆ."

ಫೋನ್ ಇಟ್ಟ. ಹೊಸ ಥರ್ಮಾಮೀಟರ್ ತಂದಿದ್ದರು, ಅವನ ಯಂತ್ರದ ಮೇಲೆ ಮಾತ್ರ ಅನುಮಾನ ಪಟ್ಟಿರಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಹೋದ ವರ್ಷ ಇನ್ನೊಂದೂರಿನ ಆಸ್ಪತ್ರೆಯಲ್ಲಿ ಬಾಣಂತಿ ತೀರಿಕೊಂಡಾಗ ಮಂದಿ ಗಾಜು ಒಡೆದದ್ದನ್ನು, ಕಾಂಪೌಂಡರನನ್ನು ಎಳೆದಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ತಪ್ಪು ತನ್ನದಲ್ಲದೆ ಸೋಂಕೇ ಆಗಿದ್ದರೆ? ತಾನಾಗಿಯೇ ಕೊರಳು ಕೊಟ್ಟಂತಾಗುತ್ತದೆ. ಭತ್ತದ ಸೆನ್ಸರನ್ನು ಕೂಸಿಗೆ ಹಾಕಿದವನು ಎಂದು ಮೂರು ತಾಲ್ಲೂಕಿನಲ್ಲಿ ಹೆಸರಾದರೆ ಮುಗಿಯಿತು. ಮೊದಲು ಖಾತ್ರಿ ಮಾಡಿಕೊಳ್ಳೋಣ, ಆಮೇಲೆ ಬಾಯಿ ಬಿಡೋಣ ಅಂದುಕೊಂಡ. ಭಯಬಿದ್ದವನಿಗೆ ಇಂಥ ವಿವೇಕ ಬಹಳ ಬೇಗ ಹೊಳೆಯುತ್ತದೆ.

ಉಳಿದಿದ್ದ ಸೆನ್ಸರುಗಳಲ್ಲಿ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮೀಟರು ನೋಡಿದ. ಮೈಬಿಸಿಗೆ ತಡೆ ಇಳಿದು ಮುಳ್ಳು ಆರು ಸಾವಿರದ ನಾಲ್ಕುನೂರು ಓಮಿನ ಹತ್ತಿರ ನಿಂತಿತು. ಅದನ್ನು ಪಾಕೀಟಿನ ಮೇಲೆ ಬರೆದುಕೊಂಡ. ಅಷ್ಟೇ ಬಿಸಿಗೆ ಆಸ್ಪತ್ರೆಯ ಯಂತ್ರ ಎಷ್ಟು ಬಯಸುತ್ತದೆ? ಅದು ಕಂಪನಿಯವರ ಪುಸ್ತಕದಲ್ಲಿರುತ್ತದೆ, ಹೊರಗಿನವರಿಗೆ ಕೊಡುವುದಿಲ್ಲ. ಮೊಬೈಲಿನಲ್ಲಿ ಹುಡುಕಿದ, ಮಾರುವವರ ಜಾಹೀರಾತು ಬಿಟ್ಟರೆ ಬೇರೇನೂ ಬರಲಿಲ್ಲ. ಆಗ ಲಿಂಗಸುಗೂರಿನ ಕಾಲೇಜಿನ ಲೈಬ್ರರಿ ನೆನಪಾಯಿತು. ಅಲ್ಲಿನ ಇನ್ವರ್ಟರ್ ರಿಪೇರಿಗೆ ಹೋದಾಗ ಲೈಬ್ರರಿಯನ್ ಶಾಹೀಸ್ತಾ ಮೇಡಂ ಹುಡುಗರಿಗೆ ಕಂಪ್ಯೂಟರಿನಲ್ಲಿ ದೇಶ ದೇಶದ ಸಂಶೋಧನಾ ಲೇಖನ ತೆಗೆದುಕೊಡುವುದನ್ನು ನೋಡಿದ್ದ.

ನುಚ್ಚನ್ನು ಯಾಕೋ ಒಂದು ಚೀಟಿಯಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವವರು ಮಸ್ಕಿಯನ್ನು ಹಾಯ್ದೇ ಹೋಗಬೇಕು. ಆಸ್ಪತ್ರೆ ದೊಡ್ಡ ರಸ್ತೆಗೇ ಇದೆ. ದೂರದಿಂದಲೇ ಅದರ ಮುಂದಿನ ಬೇವಿನ ಗಿಡ ಕಂಡಿತು. ನೆರಳಿನಲ್ಲಿ ಅಂಬಮ್ಮ ಕುಳಿತಿದ್ದಳು, ಮಡಿಲಲ್ಲಿ ಒಂದು ಫ್ಲಾಸ್ಕು. ಕರಿಬಸಯ್ಯನ ಕೈ ಬ್ರೇಕಿನ ಮೇಲೆ ಬಂತು. ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಏನು ಹೇಳುವುದು ಅಂದುಕೊಂಡ. ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿದ. ಮುಂದೆ ಹೊರಟಿದ್ದ ಸರ್ಕಾರಿ ಬಸ್ಸಿನ ಮರೆ ಹಿಡಿದು ಗೇಟು ದಾಟಿಬಿಟ್ಟ. ಊರು ಮುಗಿಯುವ ತನಕ ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ.

ಲೈಬ್ರರಿ ತಣ್ಣಗಿತ್ತು.

"ಬರ್ರಿ ಅಯ್ನೋರೆ," ಎಂದಳು ಶಾಹೀಸ್ತಾ. "ಕರೆಂಟೂ ಹೋಗಿಲ್ಲ, ಇನ್ವರ್ಟರೂ ಕೆಟ್ಟಿಲ್ಲ, ನೀವ್ಯಾಕ ಬಂದ್ರಿ? ಪುಸ್ತಕ ಓದಾಕಂತೂ ಅಲ್ಲ."

"ಒಂದು ಪೇಪರ್ ಹುಡುಕಬೇಕಿತ್ರಿ ಮೇಡಂ. ಒಬ್ಬ ಗಿರಾಕಿ ಕೇಳ್ಯಾನ. ಕೂಸಿನ ಮಿಷನ್ನಿಗೆ ಬ್ಯಾರೆ ಸೆನ್ಸರ್ ಹಾಕಿದ್ರ ಏನಾರ ಆಗತೈತೇನು ಅಂತ."

ಅವಳು ಅವನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಒಂದು ಖಾನೆಯಲ್ಲಿ ಹೊಡೆದಳು. ಏನೂ ಸಿಗಲಿಲ್ಲ ಎಂದು ಬಂತು. ಕರಿಬಸಯ್ಯ ಬೈಕಿನ ಕೀಲಿ ಕೈಗೆ ತೆಗೆದುಕೊಂಡ.

"ಇಲ್ಲಂದ್ರ ಇಲ್ರಿ. ಅಂದ್ರ ಏನೂ ಆಗೂದಿಲ್ಲ ಅಂತಾತು. ಬರ್ತೀನಿ ಹಂಗಾರ."

"ಕುಂದ್ರಿ ಕುಂದ್ರಿ. ಇದು ನಮ್ಮ ಕಪಾಟಿನ ಪುಸ್ತಕದ ಪಟ್ಟಿ. ನಮ್ಮ ಕಪಾಟಿನಾಗ ಇಲ್ಲ ಅಂದ್ರ ಲೋಕದಾಗ ಇಲ್ಲ ಅಂತ ಅಲ್ಲ. ಈಗ ನೋಡ್ರಿ, ಡೇಟಾಬೇಸ್ ಅಂದ್ರ ಇದು." ಅವಳು ಕಾಲೇಜಿನ ಹೆಸರು, ಗುಟ್ಟಿನ ಅಂಕೆ ಹಾಕಿ ಬೇರೊಂದು ಬಾಗಿಲು ತೆರೆದಳು. "ಇಲ್ಲಿ ಲಕ್ಷಗಟ್ಟಲೆ ಲೇಖನ ಅದಾವ. ಆದ್ರ ಇದಕ್ಕ ಮನಿ ಮಂದಿ ಜೋಡಿ ಮಾತಾಡಿದಂಗ ಕೇಳಬಾರದು."

ಹಳೆಯ ಕಾರ್ಡೊಂದರ ಬೆನ್ನಿಗೆ ಮೂರು ಗೆರೆ ಎಳೆದಳು. "ಯಾವ ಮಿಷನ್, ಅದರಾಗಿನ ಯಾವ ಭಾಗ, ಏನು ಕೇಡು. ಮೂರೂ ಬ್ಯಾರೆ ಬ್ಯಾರೆ. ಒಂದೊಂದರ ಕೆಳಗ ಅದಕ್ಕಿರೋ ಹೆಸರು ಎಲ್ಲಾ ಹೇಳ್ರಿ. ಪೇಪರ್ ಬರ್ಯಾವ್ರು ಒಬ್ಬೊಬ್ರು ಒಂದೊಂದು ಹೆಸರಿಲೆ ಕರದಿರ್ತಾರ."

ಕರಿಬಸಯ್ಯ ಯಂತ್ರದ ಮೈಮೇಲೆ ಬರೆದಿದ್ದ ಹೆಸರು, ಹಳೆಯ ಡಬ್ಬಿಗಳ ಮೇಲೆ ಕಂಡ ಹೆಸರು ಎಲ್ಲ ನೆನೆಸಿ ಹೇಳಿದ. ಒಂದೇ ಗೆರೆಯ ಹೆಸರುಗಳ ನಡುವೆ ಅವಳು ‘ಆರ್’ ಎಂದು ಹಾಕಿದಳು, ಯಾವ ಹೆಸರಿದ್ದರೂ ಬರಲಿ ಎಂದು; ಮೂರೂ ಒಟ್ಟಿಗೆ ಇರಲೆಂದು ಗೆರೆಗೂ ಗೆರೆಗೂ ನಡುವೆ ‘ಆ್ಯಂಡ್’. ಮೊದಲ ಗೆರೆ ಒಂದಕ್ಕೇ ಎರಡು ಸಾವಿರ ಲೇಖನ ಬಂದವು. ಎರಡನೆಯದು ಸೇರಿಸಿದರೆ ಅರವತ್ತು ಚಿಲ್ಲರೆ. ಮೂರನೆಯದು ಸೇರಿದಾಗ ಹದಿನಾಲ್ಕು.

ಹದಿನಾಲ್ಕು. ಅಂದರೆ ಅದು ಆಗುತ್ತದೆ. ಯಾರ್ಯಾರೋ ಕುಳಿತು ಬರೆಯುವಷ್ಟು ಸಲ ಆಗಿದೆ.

"ಮೇಡಂ, ‘ಸೇಫ್’ ಅಂತ ಒಂದು ಶಬ್ದ ಸೇರಸ್ರಿ," ಎಂದ ಅವಸರದಲ್ಲಿ. "ಕೇಡು ಅನ್ನೋದು ತಗದು ಅದನ್ನ ಹಾಕ್ರಿ."

ಶಾಹೀಸ್ತಾಳ ಬೆರಳು ಕೀಲಿಯ ಮೇಲೆಯೇ ನಿಂತವು. ಇಪ್ಪತ್ತು ವರ್ಷದಿಂದ ಆ ಮೇಜಿನ ಮುಂದೆ ಬಂದು ನಿಂತವರನ್ನು ನೋಡಿದವಳು ಅವಳು. ತಿಳಿಯಲು ಬಂದವನು ಯಾರು, ತನ್ನ ಮಾತಿಗೆ ಸಾಕ್ಷಿ ಬೇಡಲು ಬಂದವನು ಯಾರು ಎಂದು ಮುಖ ನೋಡಿದರೆ ಅವಳಿಗೆ ಗೊತ್ತಾಗುತ್ತಿತ್ತು.

"ಹಂಗ ಹಾಕಿದ್ರ ಮಿಷನ್ ಚಲೋ ಐತಿ ಅನ್ನೋ ಪೇಪರಷ್ಟs ಬರ್ತಾವ. ನಿಮಗ ಉತ್ತರ ಬೇಕೋ, ಸಮಾಧಾನ ಬೇಕೋ?"

ಅವಳು ಹದಿನಾಲ್ಕನ್ನೂ ಒಂದೊಂದಾಗಿ ತೆರೆಯತೊಡಗಿದಳು. ಮೊದಲನೆಯದಕ್ಕೆ ಬೀಗ, ಸಾರಾಂಶವಷ್ಟೇ ಕಾಣುತ್ತಿತ್ತು. ಎರಡನೆಯದು ಬೇರೆ ಯಂತ್ರದ ಮಾತು. ಮೂರನೆಯದಕ್ಕೂ ಬೀಗ. ನಾಲ್ಕನೆಯದು ಪೂರ್ತಿ ತೆರೆದುಕೊಂಡಿತು. ಎಲ್ಲಿಯವರೋ, ಇಂಥ ಯಂತ್ರಗಳಿಗೆ ಎರಡು ಜಾತಿಯ ಸೆನ್ಸರ್ ಹಾಕಿ ಹೋಲಿಸಿ ಬರೆದಿದ್ದರು. ಇಂಗ್ಲಿಷಿನ ಸಾಲುಗಳು ಕರಿಬಸಯ್ಯನಿಗೆ ಹತ್ತಲಿಲ್ಲ. ಆದರೆ ಮೂರನೇ ಪುಟದಲ್ಲಿ ಒಂದು ಕೋಷ್ಟಕ ಇತ್ತು. ಅಂಕೆಗಳಿಗೆ ಭಾಷೆ ಬೇಕಿರಲಿಲ್ಲ.

"ನಿಲ್ಲಸ್ರಿ," ಎಂದ.

ಬೆರಳು ಪರದೆಗೆ ಮುಟ್ಟಿಸಿ ಓದಿದ. ಇಪ್ಪತ್ತೈದು ಡಿಗ್ರಿಗೆ ಎರಡರದ್ದೂ ಹತ್ತು ಸಾವಿರ. ಅವನು ಏಸಿ ಕೋಣೆಯಲ್ಲಿ ಪರೀಕ್ಷೆ ಮಾಡಿದ್ದು ಅದೇ ಇಪ್ಪತ್ತೈದರಲ್ಲಿ. ಮೂವತ್ತಕ್ಕೆ ಸ್ವಲ್ಪ ಬೇರೆ. ಮುಂದೆ ಮುಂದೆ ಇನ್ನೂ ಬೇರೆ. ಸಿಂಧನೂರು ಸ್ಟ್ಯಾಂಡಿನಿಂದ ಜೊತೆಯಾಗಿ ಹೊರಟ ಎರಡು ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ಒಂದು ಮುಂದೆ, ಒಂದು ಹಿಂದೆ ಆದ ಹಾಗೆ. ಮೂವತ್ತೇಳರ ಸಾಲಿಗೆ ಬಂದ. ಒಂದು ಜಾತಿಗೆ ಐದು ಸಾವಿರದ ಒಂಬೈನೂರ ಎಂಬತ್ತೊಂಬತ್ತು. ಇನ್ನೊಂದಕ್ಕೆ ಆರು ಸಾವಿರದ ನಾಲ್ಕುನೂರ ಮೂರು.

ಜೇಬಿನಿಂದ ಪಾಕೀಟು ತೆಗೆದು ನೋಡಿದ. ನೋಡುವ ಅಗತ್ಯ ಇರಲಿಲ್ಲ.

"ಇದರ ಕೆಳಗ ಏನ್ ಬರದಾರ್ರಿ?"

"ಅದಲು ಬದಲಾದ್ರ ಮಿಷನ್ ಒಂದೂವರಿ ಡಿಗ್ರಿ ಕಮ್ಮಿ ತೋರಸ್ತೈತಿ, ಕೂಸು ತಂಪಾಗೈತಿ ಅಂತ ತಿಳಕೊಂಡು ಇನ್ನೂ ಕಾವು ಕೊಡತೈತಿ ಅಂತ." ಅವಳು ಅವನ ಕಡೆ ತಿರುಗಿದಳು. "ಅಯ್ನೋರೆ, ಗಿರಾಕಿ ಯಾರ್ರಿ?"

"ನಾನs."

"ಕೂಸು ಎಲ್ಲೈತಿ?"

"ಮಸ್ಕ್ಯಾಗ."

"ಈಗ? ಅದs ಮಿಷನ್ನಿನಾಗ?"

ಅವನು ಹೌದೆಂದು ತಲೆ ಆಡಿಸಿದ. ಆಗಲೂ ಬಾಯಿಗೆ ಬಂದದ್ದು ಇನ್ನೊಂದು ನೆವವೇ. "ಜ್ವರ ಬಂದೈತಿ ಮೇಡಂ. ಸೋಂಕು ಅಂತಾರ ಡಾಕ್ಟರು. ಸೋಂಕs ಇದ್ರ? ಮಿಷನ್ನಿಂದs ಅಂತ ಹೆಂಗ ಹೇಳೂದು?"

ಶಾಹೀಸ್ತಾ ಒಂದು ಕ್ಷಣ ಅವನನ್ನೇ ನೋಡಿ, ಮೂರನೆಯ ಗೆರೆ ಅಳಿಸಿ ಅಲ್ಲಿ ಜ್ವರ, ಸೋಂಕು ಎಂಬ ಶಬ್ದ ಹಾಕಿದಳು. ವೈದ್ಯರು ಬರೆದದ್ದೊಂದು ಸಿಕ್ಕಿತು. ಸಾರಾಂಶವನ್ನು ಅವಳು ಕನ್ನಡದಲ್ಲೇ ಓದಿ ಹೇಳಿದಳು: ಹೊರಗಿನ ಕಾವು ಹೆಚ್ಚಾಗಿದ್ದರೆ ಕೂಸಿನ ಅಂಗಾಲು ಹೊಟ್ಟೆಯಷ್ಟೇ ಬಿಸಿ ಇರುತ್ತದೆ, ಒಳಗಿನ ಸೋಂಕಾದರೆ ಬಹಳ ಸಲ ಹೊಟ್ಟೆ ಸುಡುತ್ತದೆ, ಅಂಗಾಲು ತಣ್ಣಗಿರುತ್ತದೆ.

"ಪ್ರಿಂಟ್ ತಗೀರಿ," ಎಂದ ಕರಿಬಸಯ್ಯ. "ಎರಡೂ ತಗೀರಿ. ನಾ ಹೋಗಿ..."

"ಅಯ್ನೋರೆ!" ಅವಳ ದನಿಗೆ ಓದುತ್ತ ಕುಳಿತ ಹುಡುಗಿಯರು ತಿರುಗಿ ನೋಡಿದರು. "ಪೇಪರ್ ಎಲ್ಲೂ ಓಡಿ ಹೋಗೂದಿಲ್ಲ. ಫೋನ್ ಹಚ್ರಿ ಮೊದಲ."

ಅಲ್ಲೇ ನಿಂತು ನಂಬರ್ ಒತ್ತಿದ. ಪಾರ್ವತೆಮ್ಮ ಎತ್ತಿದಳು.

"ಸಿಸ್ಟರ್, ಕೂಸಿನ ಅಂಗಾಲು ಮುಟ್ಟಿ ನೋಡ್ರಿ."

"ಏನ್ರಿ?"

"ಮೊದಲ ನೋಡ್ರಿ. ಆಮ್ಯಾಲ ಹೇಳ್ತೀನಿ."

ಚಪ್ಪಲಿ ಸಪ್ಪಳ ಕೇಳಿತು, ಬಾಗಿಲ ಸಪ್ಪಳ ಕೇಳಿತು. ಅಷ್ಟು ಹೊತ್ತು ಅವನು ಗೋಡೆಯ ಮೇಲಿನ ‘ಮೌನವಾಗಿರಿ’ ಎಂಬ ಹಲಗೆಯನ್ನೇ ನೋಡುತ್ತಿದ್ದ.

"ಕಾದ ಹೆಂಚಿನಂಗ ಅದಾವ್ರಿ. ಹೊಟ್ಟಿನೂ ಅಷ್ಟs, ಕಾಲೂ ಅಷ್ಟs."

"ಆ ಗುಂಡಿ ಕಿತ್ತು ಬಿಡ್ರಿ. ಮಿಷನ್ ಆಟೋದಿಂದ ತಗದು ಮ್ಯಾನುವಲ್ಲಿಗೆ ಹಾಕಿ, ಕೈಯಿಂದs ಕಾವು ಇಳಸ್ರಿ. ಬರೇ ಥರ್ಮಾಮೀಟರ್ ನಂಬ್ರಿ. ಮಿಷನ್ ಸುಳ್ಳು ಹೇಳಾಕತ್ತೈತಿ. ನಾ ಭತ್ತದ ಡ್ರೈಯರ್ ಸೆನ್ಸರ್ ಹಾಕೀನ್ರಿ. ತಪ್ಪು ನಂದು."

ಪಾರ್ವತೆಮ್ಮ ಡಾಕ್ಟರನ್ನು ಕೂಗಿದ್ದು ಕೇಳಿತು. ಆಮೇಲೆ ಡಾಕ್ಟರ್ ಶಿವಪ್ರಸಾದರ ದನಿ ಬಂತು. ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡರು. ಬೈಯಲಿಲ್ಲ.

"ಈಗ ಎಲ್ಲಿದ್ದೀರಿ?"

"ಲಿಂಗಸುಗೂರಾಗರೀ."

"ಸಿಂಧನೂರಿಂದ ಹೋದ್ರೇನು?"

"ಹೌದ್ರಿ."

"ಅಂದ್ರ, ನಮ್ಮ ಗೇಟಿನ ಮುಂದ ಹಾಯ್ದs ಹೋಗೀರಿ."

ಇದಕ್ಕೆ ಉತ್ತರ ಹದಿನಾಲ್ಕು ಲೇಖನಗಳಲ್ಲೂ ಇದ್ದಿರಲಾರದು. ಬೈದಿದ್ದರೆ ಚೆನ್ನಾಗಿತ್ತು.

ಕಾಗದಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಅವನು ಮಸ್ಕಿ ಮುಟ್ಟಿದಾಗ ಬಿಸಿಲು ನೆತ್ತಿ ದಾಟಿತ್ತು. ಬೇವಿನ ಕೆಳಗೆ ಅಂಬಮ್ಮನ ಜೊತೆ ಈಗ ಅವಳ ಇಬ್ಬರು ಗಂಡುಮಕ್ಕಳೂ ಇದ್ದರು. ತಲೆ ತಗ್ಗಿಸಿ ಒಳಗೆ ಹೋದ. ಡಾಕ್ಟರು ಕಾಗದ ಎರಡನ್ನೂ ನಿಂತೇ ಓದಿದರು.

"ಮೂವತ್ತೇಳು ಪಾಯಿಂಟ್ ಎಂಟಕ್ಕ ಇಳದೈತಿ. ರಕ್ತ ಪರೀಕ್ಷಾಕ್ಕ ಕಳಸೀನಿ. ಎರಡೂ ಇರಬಹುದು, ನಿಮ್ಮ ಕಾವೂ, ಸೋಂಕೂ. ನಾಕರ ತನಕ ನೋಡ್ತೀನಿ. ಇಳೀಲಿಲ್ಲಂದ್ರ ರಾಯಚೂರs." ಕಿಟಕಿಯ ಕಡೆ ಕತ್ತು ತಿರುಗಿಸಿದರು. "ಹೊರಗ ಕುಂತಾಕಿಗೆ ಯಾರು ಹೇಳೋರು?"

"ನಾ ಹೇಳ್ತೀನ್ರಿ," ಎಂದ ಕರಿಬಸಯ್ಯ. ಹೊರಗೆ ನಡೆದ.

ಅಂಬಮ್ಮ ಅವನನ್ನು ಕಂಡು ಗುರುತು ಹಿಡಿದಳು. "ಬಂದ್ಯಾ ಯಪ್ಪಾ? ಮಿಷನ್ ನೋಡಾಕ ಬಂದಿಯೇನು? ಮೊಮ್ಮಗಗ ಒಂದs ಸವನ ಜ್ವರ."

ಸೆನ್ಸರ್, ಡಿಗ್ರಿ, ಕೋಷ್ಟಕ, ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಜೇಬಿನ ಚೀಟಿ ಬಿಚ್ಚಿ ಅವಳ ಮುಂದೆ ಹಿಡಿದ.

ನಾಟಿ ಹಚ್ಚಿ, ರಾಶಿ ತೂರಿ ಬೆಳೆದವಳು. ಒಂದು ಕಾಳು ಎತ್ತಿ ಉಗುರಿನಲ್ಲಿ ಒತ್ತಿದಳು. "ಹದ ತಪ್ಪಿ ಒಣಗಿಸ್ಯಾರ. ಯಾರ್ದಿದು?"

"ಇದನ್ನ ಒಣಗಿಸಿದ ಮಿಷನ್ನಿಗೆ ಹಾಕಿದ್ದs ನಿಮ್ಮ ಕೂಸಿನ ಮಿಷನ್ನಿಗೂ ಹಾಕೀನಿ ಯವ್ವಾ. ತಪ್ಪಿ ಹಾಕೀನಿ. ಕೂಸಿಗೆ ಕಾವು ಹೆಚ್ಚಾಗೈತಿ. ಈಗ ತಗಸೀನಿ."

ದೊಡ್ಡ ಮಗ ಎದ್ದು ನಿಂತ. ಕರಿಬಸಯ್ಯನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಪೆಟ್ಟು ಬೀಳಲಿಲ್ಲ. ಅಂಬಮ್ಮ ಮಗನ ಧೋತರದ ಚುಂಗು ಹಿಡಿದಿದ್ದಳು.

"ನಿನಗ ಯಾವಾಗ ಗೊತ್ತಾತು?" ಎಂದಳು.

"ಮುಂಜಾನೆ ಅನುಮಾನ ಬಂತು."

"ಈಗ ಮಧ್ಯಾಹ್ನ."

"ಹೌದು."

ಅವಳು ನುಚ್ಚಿನ ಚೀಟಿಯನ್ನು ಮಡಚಿ ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. "ಇಲ್ಲೇ ಕುಂದ್ರು. ಕೂಸಿನ ಜ್ವರ ಇಳಿಯೂತನ ಏಳಬ್ಯಾಡ. ಇಳೀಲಿಲ್ಲಂದ್ರ ಆ ಗಾಡ್ಯಾಗ ನಮ್ಮ ಜೋಡಿ ನೀನೂ ರಾಯಚೂರಿಗೆ ಬರಬೇಕು."

ಅವನು ಕುಳಿತ. ಅರ್ಧ ಗಂಟೆಗೊಮ್ಮೆ ಪಾರ್ವತೆಮ್ಮ ಬಾಗಿಲಿಗೆ ಬಂದು ಅಂಕೆ ಹೇಳಿ ಹೋಗುತ್ತಿದ್ದಳು. ಮೂವತ್ತೇಳೂ ಆರು. ಮುಂದಿನ ಸಲವೂ ಮೂವತ್ತೇಳೂ ಆರು. ಆ ಅರ್ಧ ಗಂಟೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಿಳಿ ಆಂಬುಲೆನ್ಸ್ ಬಂದು ಗೋಡೆಯ ಪಕ್ಕ ನಿಂತಿತು. ಡ್ರೈವರ್ ಬೀಡಿ ಹಚ್ಚಿದ. ಮೂವತ್ತೇಳೂ ಎರಡು. ಕರಿಬಸಯ್ಯನ ಕಾಲು ಮರಗಟ್ಟಿದ್ದವು, ಆದರೂ ಅವನು ಏಳಲಿಲ್ಲ.

ನಾಲ್ಕು ಹೊಡೆದು ಹತ್ತು ನಿಮಿಷಕ್ಕೆ ಪಾರ್ವತೆಮ್ಮ ಬಂದಳು. "ಮೂವತ್ತಾರೂ ಒಂಬತ್ತು. ಹಾಲು ಎಳೀತು. ಗಾಡಿ ಈಗ ಬ್ಯಾಡ ಅಂದಾರ ಡಾಕ್ಟರು. ರಕ್ತದ್ದು ಬರೂತನ ಇಲ್ಲೇ ಇಟಗೊಂಡು ನೋಡ್ತಾರಂತ."

ಅಂಬಮ್ಮ ಎದ್ದು ಸೀರೆ ಝಾಡಿಸಿದಳು. "ಏಳು," ಎಂದಳು ಕರಿಬಸಯ್ಯನಿಗೆ. "ಒಳಗ ಬಾ. ನೀನs ಮುಟ್ಟಿ ನೋಡು."

ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಂಡು ಒಳಗೆ ಹೋದ. ಹನ್ನೆರಡು ವರ್ಷದಲ್ಲಿ ಇಂಥ ಎಷ್ಟೋ ಯಂತ್ರ ಬಿಚ್ಚಿ ಜೋಡಿಸಿದ್ದ. ಅದರಲ್ಲಿ ಮಲಗಿದ ಕೂಸನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ಹೆಬ್ಬೆರಳಷ್ಟು ಅಗಲದ ಅಂಗಾಲು. ಒಂದು ಬೆರಳು ತಾಗಿಸಿದ. ಬಿಸಿ ಅನ್ನಿಸಿತು. ಇನ್ನೊಂದು ಕೈಯಿಂದ ತನ್ನ ಬೆರಳನ್ನೇ ಹಿಡಿದು ನೋಡಿಕೊಂಡ. ಅದು ಹಿಮದಂತಿತ್ತು. ಅಷ್ಟು ತಣ್ಣಗಾದ ಕೈಗೆ ಏನು ತಾಗಿದರೂ ಬಿಸಿಯೇ.

"ನನ್ನ ಕೈಗೆ ಗೊತ್ತಾಗವಲ್ದು ಸಿಸ್ಟರ್," ಎಂದ. "ಥರ್ಮಾಮೀಟರ್ ಇನ್ನೊಮ್ಮೆ ಇಡ್ರಿ."

ಪಾರ್ವತೆಮ್ಮ ಅಂಬಮ್ಮನ ಮುಖ ನೋಡಿದಳು.

"ಇಡವ್ವಾ," ಎಂದಳು ಅಂಬಮ್ಮ. "ಅಂವಾ ನೋಡ್ಲಿ."

ಕಂಕುಳಿನಿಂದ ಅದು ಕೀಂ ಎನ್ನುವ ತನಕ ಮೂವರೂ ಉಸಿರು ಹಿಡಿದು ನಿಂತರು.